ಒಂಬತ್ತಕ್ಕೆ ಒಂದು

ಒಂಬತ್ತು ಪಾಲು ನೀರಿಗೆ ಒಂದು ಪಾಲು ಜೆಲಟಿನ್.
ಗಂಟು ಕಟ್ಟದಂತೆ ಕೈಯಾಡಿಸಬೇಕು, ಕುದಿಯಬಾರದು,
ನೊರೆ ಏಳದಿರಲೆಂದು ಎರಡು ಹನಿ ದಾಲ್ಚಿನ್ನಿ ಎಣ್ಣೆ.
ಹಾಗಾಗಿ ಟೊಲೀಡೊದ ಈ ನೆಲಮಾಳಿಗೆಯ ಪ್ರಯೋಗಾಲಯ
ಸೋಮವಾರಗಳಂದು ಬೇಕರಿಯ ಹಾಗೆ ಘಮಘಮ.
ಹತ್ತೊಂಬತ್ತು ವರ್ಷದಿಂದ ಇದೇ ನನ್ನ ಅಡುಗೆ.
ಉಣ್ಣುವವರು ಯಾರೂ ಇಲ್ಲ, ಪಿಸ್ತೂಲೊಂದನ್ನು ಬಿಟ್ಟರೆ.

ಎರಡು ರಾತ್ರಿ ಫ್ರಿಜ್ಜಿನಲ್ಲಿ ಮಲಗಿ ಎದ್ದ ಅಚ್ಚು
ಜೇನಿನ ಬಣ್ಣ, ಆಚೆ ಬದಿಯ ಬೆರಳು ಕಾಣುವಷ್ಟು ತಿಳಿ.
ಗುಂಡು ಹೊಕ್ಕರೆ ಒಳಗೊಂದು ಹಾದಿ ಬಾಯ್ತೆರೆದು
ಉಸಿರೆಳೆದು ಮುಚ್ಚಿಕೊಳ್ಳುತ್ತದೆ.
ಅಳತೆಪಟ್ಟಿ ಇಟ್ಟು ಬರೆಯುತ್ತೇನೆ: ಹದಿಮೂರೂವರೆ ಇಂಚು.
ಇನ್ನೊಂದು: ಹದಿಮೂರೂಮುಕ್ಕಾಲು.
ಮೂರನೆಯದು ಮತ್ತೆ ಹದಿಮೂರೂವರೆ.
ಇಷ್ಟು ನೇರ ನಡೆಯನ್ನು
ನನ್ನ ಇಬ್ಬರು ಗಂಡಂದಿರಲ್ಲೂ ಕಾಣಲಿಲ್ಲ.

ಆದರೆ ಜೆಲಟಿನ್‌ಗೆ ಪಕ್ಕೆಲುಬಿಲ್ಲ.
ಕೊನೆಯ ಗಳಿಗೆಯಲ್ಲಿ ಹೊರಳುವ ಭುಜವಿಲ್ಲ.
ಜೇಬಿನಲ್ಲಿ ಬೀಗದಕೈ ಗೊಂಚಲಿಲ್ಲ.

ಡೆಸ್ಮಂಡ್ ಹಾರ್ಗೆಟ್, ಲಾರಿ ರಿಪೇರಿಯವನು.
ಎದೆಗೆ ಬಡಿದ ಗುಂಡು ಪಕ್ಕೆಲುಬಿನ ಬಾಗು ಹಿಡಿದು
ಚರ್ಮದಡಿಯಲ್ಲೇ ಪ್ರದಕ್ಷಿಣೆ ಹಾಕಿ
ಬೆನ್ನಲ್ಲಿ ಕೂತಿತ್ತು, ಅಂಗಿಗೆ ಹೊಲಿದ ಗುಂಡಿಯ ಹಾಗೆ.
ತಾನೇ ಕಾರು ಓಡಿಸಿಕೊಂಡು ಆಸ್ಪತ್ರೆಗೆ ಬಂದ,
ಪಾರ್ಕಿಂಗ್ ಚೀಟಿ ಹರಿಸಿಕೊಂಡ.
ಅವನು ರೇಗಿದ್ದು ಚೀಟಿಯ ದರಕ್ಕೆ.

ಇನ್ನೊಬ್ಬಳ ತೊಡೆಯಲ್ಲಿ ಹೊಕ್ಕ ಗಾಯವಿದೆ, ಹೊರಟ ಗಾಯವಿಲ್ಲ,
ಎಕ್ಸ್‌ರೇಯಲ್ಲಿ ಗುಂಡೂ ಇಲ್ಲ.
ವೈದ್ಯರು ಮೇಲಕ್ಕೆ, ಇನ್ನೂ ಮೇಲಕ್ಕೆ ಹುಡುಕಿದರು.
ರಕ್ತದ ಹೊಳೆ ಅದನ್ನು ತೇಲಿಸಿಕೊಂಡು ಹೋಗಿ
ಹೃದಯದ ಕಡವಿನಲ್ಲಿ ಇಳಿಸಿತ್ತು.
ಚಿಕ್ಕ ಗುಂಡು. ಹೆಬ್ಬೆರಳ ಉಗುರಿಗಿಂತ ಚಿಕ್ಕದು.

ನಾದಿನಿ ಹಬ್ಬದೂಟಕ್ಕೆ ಹಸಿರು ಜೆಲ್ಲಿ ತರುತ್ತಾಳೆ,
ಒಳಗೆ ಅನಾನಸಿನ ತುಂಡುಗಳು.
ಅದು ತಟ್ಟೆಯಲ್ಲಿ ನಡುಗುವಾಗ ನಾನು ಕಿಟಕಿ ನೋಡುತ್ತೇನೆ.

ಆಮೇಲೆ ಏಪ್ರಿಲ್. ಹಾಲೋರನ್ ಬೀದಿ.
ಟೇವಿಯನ್ ಮೀಕ್ಸ್, ಹನ್ನೊಂದು ವರ್ಷ,
ಮೂರನೇ ಮೆಟ್ಟಿಲ ಮೇಲೆ ಕೂತು, ಬಗ್ಗಿ,
ಬೂಟಿನ ಲಾಡಿ ಕಟ್ಟುತ್ತಿದ್ದ.
ಐದು ಮನೆ ಆಚೆ ಯಾರದೋ ಸಾಲ, ಯಾರದೋ ಜಗಳ.
"ನೆಲಕ್ಕೆ ಹೊಡೆದೆ, ಹೆದರಿಸೋಕೆ ಅಷ್ಟೆ" ಅಂದ ಆ ಹುಡುಗ.
ಸುಳ್ಳಲ್ಲ. ಸೂಕ್ಷ್ಮದರ್ಶಕದಡಿ ಗುಂಡಿನ ಒಂದು ಕೆನ್ನೆ ಚಪ್ಪಟೆ,
ಅದರಲ್ಲಿ ಹುದುಗಿದ ಡಾಂಬರಿನ ಹರಳು, ಸಾಸಿವೆಯಷ್ಟು.
ನೆಲ ಅದನ್ನು ಇಟ್ಟುಕೊಳ್ಳಲಿಲ್ಲ.

ಕಟಕಟೆಯಲ್ಲಿ ಕೇಳಿದರು:
"ಮಿಸೆಸ್ ಗ್ರಾಬರೆಕ್, ಅದೇ ಜಾಗ, ಅದೇ ಕೈ, ಅದೇ ಪಿಸ್ತೂಲು,
ನೂರು ಸಲ ಹೊಡೆದರೆ?"
ನೂರು ಸಲವೂ ಬೇರೆ ಬೇರೆ ಕಡೆ, ಅಂದೆ.
ಆರೋಪಿಯ ವಕೀಲ ತಲೆದೂಗಿದ: ನೋಡಿ, ಆಕಸ್ಮಿಕ.
ಸರಕಾರದ ವಕೀಲೆಯೂ ತಲೆದೂಗಿದಳು: ನೋಡಿ,
ಎಲ್ಲಿಗಾದರೂ ಹೋಗಬಹುದೆಂದು ಗೊತ್ತಿದ್ದೂ ಹೊಡೆದ.
ಒಂದೇ ಮಾತು, ಇಬ್ಬರ ಚೀಲಕ್ಕೂ ಸರಿಹೋಯಿತು.

ಮೊಗಸಾಲೆಯಲ್ಲಿ ಅವನ ಅಜ್ಜಿ, ಒಡೆಸ್ಸಾ ಮೀಕ್ಸ್,
ಕೈಗವಸು ಬಿಚ್ಚದೆ ಬೆಂಚಿನ ಮೇಲೆ ಕೂತಿದ್ದಳು.
"ಒಂದು ಮೆಟ್ಟಿಲು ಕೆಳಗೆ ಕೂತಿದ್ದರೆ?
ಲಾಡಿ ಒಂದೇ ಸಲಕ್ಕೆ ಗಂಟು ಬಿದ್ದಿದ್ದರೆ?"
ನಾನು ಆ ಮೆಟ್ಟಿಲಿನಿಂದ ದಾರ ಎಳೆದು ನೋಡಿದವಳು.
ಎರಡು ಬೆರಳಗಲ.
ವರದಿಯಲ್ಲಿ ಬರೆದಿರಲಿಲ್ಲ. ಯಾರೂ ಕೇಳಿರಲಿಲ್ಲ.
"ಗೊತ್ತಿಲ್ಲಮ್ಮ" ಅಂದೆ.

ಅವಳು ನನ್ನ ತೋಳು ಹಿಡಿದು ಎದ್ದಳು,
ಅರೆಗಳಿಗೆ ಮೂಗನ್ನು ಅಲ್ಲೇ ನಿಲ್ಲಿಸಿ
"ದಾಲ್ಚಿನ್ನಿ" ಅಂದಳು. "ಮನೆಯಲ್ಲಿ ಬೇಯಿಸ್ತೀಯಾ?"
ಹೂಂ, ಅಂದೆ.
ಸೋಮವಾರಗಳಂದು.