ಕಡಿಮೆ

ಬುಧವಾರದ ಜೂನಾ ಬಜಾರು.
ತುಕ್ಕು ಹಿಡಿದ ಪಾನಾ, ಒಂಟಿ ಬೂಟು, ರೆಕ್ಕೆ ಕಳೆದ ಫ್ಯಾನು,
ನಡುವೆ ಒಂದು ಮಣ್ಣಿನ ಮುದ್ದೆ:
ಬಾಲವೋ ಕೊಕ್ಕೋ ತಿಳಿಯದ್ದು, ಮೈತುಂಬ ತೂತು.
‘ಚಿಲುಮೆಯೇನು?’ ಎಂದೆ.
ಮಾರುವವನಿಗೂ ಗೊತ್ತಿಲ್ಲ. ಊದಿ ತೋರಿಸಿದ.
ಒಳಗಿಂದ ಒಂದು ಸತ್ತ ಜೇಡ, ಚೂರು ಧೂಳು.
‘ಶಂಭರಲಾ ನ್ಯಾ, ಮಾವಶಿ.’
ಎಂಬತ್ತಕ್ಕೆ ತಂದೆ.
ಒಕರೀನಾ ಎಂಬ ಹೆಸರು ತಿಳಿದದ್ದು ವಾರದ ಮೇಲೆ.

ಊದೋದು ಕೊಟ್ಟು ಬಾರಿಸೋದು ತಗೊಂಡರಂತೆ,
ಅವ್ವನ ಗಾದೆ.
ನನಗೆ ಕೊಡಲಿಕ್ಕೂ ಊದುವುದೇ, ತಗೊಳ್ಳಲಿಕ್ಕೂ ಊದುವುದೇ.
ಆಸ್ಪತ್ರೆಯ ಮೂರನೇ ಮಹಡಿಯಲ್ಲಿ
ಹತ್ತೊಂಬತ್ತು ವರ್ಷದಿಂದ ಜನರನ್ನು ಊದಿಸುತ್ತೇನೆ.
ಮೂಗಿಗೆ ಕ್ಲಿಪ್ಪು, ಬಾಯಿಗೆ ರಟ್ಟಿನ ಕೊಳವೆ,
ಫುಂಕಾ, ಫುಂಕಾ, ಅಜೂನ್, ಅಜೂನ್!
ನಮ್ಮ ಕಡೆಯವರು ಬಂದರೆ
ಊದ್ರಿ, ಇನ್ನೂ ಊದ್ರಿ, ಬಿಡಬ್ಯಾಡ್ರಿ!
ಬೇಕರಿಯವರು, ಬಣ್ಣ ಹೊಡೆಯುವವರು, ಪಾರಿವಾಳ ಸಾಕಿದವರು
ಕೆಂಪೇರಿ, ಕುರ್ಚಿಯ ಕೈ ಹಿಡಿದು ಊದುತ್ತಾರೆ.
ತೆರೆಯ ಮೇಲೆ ಒಂದು ಗೆರೆ ಗುಡ್ಡ ಹತ್ತಿ ಇಳಿಯುತ್ತದೆ.
ನನ್ನ ಕೂಗಿಗೆ ಪಕ್ಕದ ಎಕ್ಸ್‌-ರೇ ಕೋಣೆಯವರೂ
ಊದಿಬಿಡುತ್ತಾರೆಂದು ಡಾಕ್ಟರ ನಗೆ.

ಮೊದಲ ರಾತ್ರಿ ಹಾಗೇ ಊದಿದೆ, ಎದೆಯಿಂದ, ಬಿಡದೆ.
ಕೆಳಮನೆಯ ಖಳದ್ಕರ್ ಬಾಯಿ
ತಮ್ಮ ಕುಕ್ಕರೇ ಕೂಗಿತೆಂದು ಒಲೆ ಆರಿಸಿದರಂತೆ.
ಅರೆಬೆಂದ ಬೇಳೆಯ ಸಿಟ್ಟು
ಮೆಟ್ಟಿಲು ಹತ್ತಿ ನನ್ನ ಬಾಗಿಲಿಗೆ ಬಂತು.

ಬೆರಳು ಹತ್ತು, ತೂತು ಹನ್ನೆರಡು.
ನನ್ನ ಸಂಬಳ, ನನ್ನ ತಿಂಗಳು.
ಎಲ್ಲ ಮುಚ್ಚಿದರೆ ಕೆಳಗಿನ ಸ್ವರ ಎನ್ನುವುದು ಮಾತು.
ಮುಚ್ಚಿದೆನೆಂದುಕೊಳ್ಳುವಾಗ ಕಿರುಬೆರಳು
ಕೂದಲೆಳೆಯಷ್ಟು ಸರಿದಿರುತ್ತದೆ,
ಸ್ವರ ಸೋರುತ್ತದೆ.
ಹೆಬ್ಬೆರಳು ಎತ್ತಿದರೆ ಮೇಲಿನ ಸ್ವರ;
ಜೊತೆಗೇ ಕೈ ಜಾರಿ ಮಣ್ಣು ಮಣ್ಣಿಗೆ ಹೊರಡುತ್ತದೆ.
ಅದಕ್ಕೇ ಹಾಸಿಗೆಯ ಮೇಲೆ ಕೂತು,
ಮಡಿಲಲ್ಲಿ ದಿಂಬು ಇಟ್ಟುಕೊಂಡು.
ಐವತ್ತೊಂದನೆಯ ವಯಸ್ಸಿಗೆ
ಬಾಣಂತಿಯ ಹಾಗೆ.

ಎಷ್ಟು ಊದಬೇಕು?
ಚಹಾ ಆರಿಸುವಷ್ಟು? ಅಲ್ಲ, ಕೀರಲಿತು.
ಕಣ್ಣಿನ ಕಸ ತೆಗೆಯುವಷ್ಟು? ಅಲ್ಲ.
ಕನ್ನಡಿ ಮಬ್ಬಾಗುವಷ್ಟು?
ಹತ್ತಿರ ಬಂತು. ಇನ್ನೂ ಕಡಿಮೆ.
ಕೊನೆಗೊಂದು ರಾತ್ರಿ, ದಣಿದು,
ಊದುವುದನ್ನು ಹೆಚ್ಚುಕಮ್ಮಿ ಬಿಟ್ಟೇಬಿಟ್ಟಾಗ
ಮಣ್ಣು ತಾನೇ ‘ಊಂ’ ಎಂದಿತು,
ಕತೆ ಕೇಳುವ ಮಗುವಿನಂತೆ.
ದಪ್ಪಗೆ, ದುಂಡಗೆ, ಮಂಚದ ಕಾಲಿನವರೆಗೆ.

ಆಗ ನೆನಪಾದವರು ಧೋತ್ರೆ.
ವಾಘೋಲಿಯ ಖಡಿ ಕ್ರಶರಿನಲ್ಲಿ ಇಪ್ಪತ್ತಾರು ವರ್ಷ.
ಮೂರು ಸಲ ಊದಿಸಿದೆ. ಮೂರು ಸಲವೂ
ಗೆರೆ ಗುಡ್ಡವಾಗಲಿಲ್ಲ, ಹೊಸ್ತಿಲಷ್ಟೇ ಆಯಿತು.
‘ಬಾಯಿ, ಇಷ್ಟೇ ಇರೋದು,’ ಎಂದರು, ತಪ್ಪು ಮಾಡಿದವರಂತೆ.
ವರದಿಯಲ್ಲೊಂದು ಖಾನೆ ಇದೆ. ತುಂಬಿದೆ:
ರೋಗಿಯ ಪ್ರಯತ್ನ ಸಾಲದು.
ಸಹಿ ಹಾಕಿದೆ. ಮುಂದಿನವರನ್ನು ಕರೆದೆ.

ಅವರಲ್ಲಿದ್ದ ಅಷ್ಟು
ಈ ಸ್ವರಕ್ಕೆ ಸಾಕಿತ್ತು.

ಯಂತ್ರ ಸುಳ್ಳು ಹೇಳಿಲ್ಲ, ಗೊತ್ತು.
ನಾಳೆಯೂ ಕೂಗುತ್ತೇನೆ, ಕೂಗದಿದ್ದರೆ ಗೆರೆ ಏಳುವುದಿಲ್ಲ.
ಆದರೆ ಆ ಖಾನೆಗೆ ಬಂದಾಗ
ಬೆರಳು ಈಗ ತುಸು ತಡೆಯುತ್ತದೆ,
ಯಾವ ತೂತು ಮುಚ್ಚಲಿ ಎಂದು ಯೋಚಿಸುವಂತೆ.

ಸ್ವರ ನಾಲ್ಕು ಬಂದಿವೆ. ಐದನೆಯದು ಬುಧವಾರ ಬರುತ್ತದೆ,
ಗುರುವಾರ ಇರುವುದಿಲ್ಲ.
ಹಾಡು ಅನ್ನುವಂಥದ್ದು ಯಾವುದೂ ಇಲ್ಲ.
ಹತ್ತು ನಿಮಿಷಕ್ಕೆ ದಾರಿ ಕಟ್ಟಿಕೊಂಡು ಸ್ವರ ಗೊಗ್ಗರಾಗುತ್ತದೆ;
ಹಳೆ ಕ್ಯಾಲೆಂಡರಿನ ಚೂರು ತೂರಿಸಿ ತೆಗೆದರೆ
ಸಂಕಷ್ಟಿಯ ದಿನಾಂಕ ತೊಯ್ದಿರುತ್ತದೆ,
ನನ್ನದೇ ಉಸಿರಿನಿಂದ.

ನಿನ್ನೆ ಮೆಟ್ಟಿಲ ಮೇಲೆ ಖಳದ್ಕರ್ ಬಾಯಿ ಸಿಕ್ಕರು.
ಮೇಥಿ ಸೊಪ್ಪಿನ ಚೀಲ ಕೈ ಬದಲಾಯಿಸಿಕೊಂಡು,
‘ನಾಲ್ಕು ದಿನವಾಯಿತು, ಊದುವುದು ಬಿಟ್ಟಿರಾ?’ ಎಂದರು.

ದಿನಾ ಊದುತ್ತಿದ್ದೇನೆ, ಎಂದೆ.