ಇತರೆ

ಜಿಲ್ಲಾ ಕ್ರೀಡಾ ಕಚೇರಿ, ಹಾಸನ. ಹನ್ನೊಂದೂವರೆ.
ಕೋಚ್ ಹುದ್ದೆಯ ನನ್ನ ಅರ್ಜಿ ಮೇಜಿನ ಮೇಲೆ.
ಧರಣೇಂದ್ರಯ್ಯನವರು ಕನ್ನಡಕ ಹಣೆಗೇರಿಸಿ ಓದಿದರು:
‘ಸಫೂರಾ, ತಂದೆ ಉಮ್ಮರಬ್ಬ, ತಣ್ಣೀರುಹಳ್ಳ.
ಸರಿ. ಕ್ರೀಡೆ ಯಾವುದಮ್ಮ?’

ಬಾಬ್‌ಸ್ಲೆಡ್, ಅಂದೆ.
ಅವರು ಪಟ್ಟಿಯಲ್ಲಿ ಬೆರಳಾಡಿಸಿದರು. ಕಬಡ್ಡಿ, ಥ್ರೋಬಾಲ್,
ಮಲ್ಲಕಂಬವೂ ಇತ್ತು.
‘ಏನದು? ಬಿಡಿಸಿ ಹೇಳು.’

ಬಿಡಿಸಿ ಹೇಳುವುದೆಂದರೆ, ಎಲ್ಲಿಂದ?

ಇದೇ ಕಿಟಕಿಯಾಚೆಯ ಮಣ್ಣಿನಲ್ಲಿ, ಸುಣ್ಣದ ಗೆರೆಗಳ ನಡುವೆ,
ನೂರು ಮೀಟರಿನಲ್ಲಿ ಮೊದಲ ಮೂವತ್ತು ನನ್ನವು,
ಉಳಿದ ಎಪ್ಪತ್ತು ಯಾವಾಗಲೂ ಬೇರೆಯವರವು.
ಎಂಟು ವರ್ಷ ಹಾಗೇ. ಮೂರನೆಯವಳು, ನಾಲ್ಕನೆಯವಳು.
ಉಸಿರಿನ ದೋಷ ಅಂದರು, ಮನಸ್ಸಿನ ದೋಷ ಅಂದರು.
ಕೋಚ್ ಬೆಳ್ಳಿಯಪ್ಪ ಮಾತ್ರ ಸ್ಟಾಪ್‌ವಾಚ್ ಜೇಬಿಗಿಳಿಸಿ
‘ಮೂವತ್ತೇ ಮೀಟರಿನ ಆಟ ಎಲ್ಲಾದರೂ ಇದ್ದಿದ್ದರೆ
ನಿನ್ನ ಹಿಡಿಯೋರಿಲ್ಲ ಕಣೇ’ ಎಂದು ನಕ್ಕರು.

ಇತ್ತು ಸಾರ್. ಮಂಜುಗಡ್ಡೆಯ ಮೇಲಿತ್ತು.

ನೂರೆಪ್ಪತ್ತು ಕೆ.ಜಿ.ಯ, ದೋಣಿಯಂಥ ಗಾಡಿ.
ಇಬ್ಬರು ತಳ್ಳುತ್ತ ಓಡಿ, ಓಡುತ್ತಲೇ ಹತ್ತಬೇಕು.
ಮೊದಲು ಹತ್ತಿ ದಾರಿ ನೋಡುವವಳು ಲಡಾಖಿನ ಯಾಂಗ್ಚೆನ್.
ಕೊನೆಗೆ ಹಾರುವವಳು ನಾನು. ಬ್ರೇಕಿನವಳು.

ತೂಕ ಸಾಲದು ಅಂದರು.
ಓಟಕ್ಕೆಂದು ಅರೆಹೊಟ್ಟೆಯಲ್ಲೇ ಬೆಳೆದವಳಿಗೆ
ಬಂಗುಡೆ, ಮುದ್ದೆ, ಆಲೂಗಡ್ಡೆ ತುಂಬಿ ತುಂಬಿ
ಉಮ್ಮ ಹನ್ನೊಂದು ಕೆ.ಜಿ. ಏರಿಸಿದಳು.
ಬೆಳಗಿನ ಐದಕ್ಕೆ ತಮ್ಮನ ಗೂಡ್ಸ್ ಆಟೋ ನ್ಯೂಟ್ರಲ್‌ಗೆ ಹಾಕಿ
ಬೀದಿಯ ಏರಿನಲ್ಲಿ ತಳ್ಳಿದೆ.
ಹಾಲಿನವನು ದಿನವೂ ಸೈಕಲ್ ನಿಲ್ಲಿಸಿ ಕೈಕೊಡಲು ಬರುವನು.
ಕೆಟ್ಟಿಲ್ಲ, ಬೇಡಣ್ಣ ಎಂದರೆ
ಬೇಸರ ಮಾಡಿಕೊಳ್ಳುವನು.

ಐಸು ನನಗೆ ಹೊಸದಲ್ಲ ಸಾರ್.
ಬಾಪನ ಮೀನಿನ ಲಾರಿಯಲ್ಲಿ ಮಂಗಳೂರಿಂದ ಬರುವಾಗ
ಬೆನ್ನ ಹಿಂದೆ ಅದು ಕರಗಿ ತೊಟ್ಟಿಕ್ಕುವ ಸದ್ದು.
ಶಿರಾಡಿಯಲ್ಲಿ ಹೊಟ್ಟೆ ತೊಳಸಿದರೆ ಬಾಪ ಹೇಳುವರು:
‘ತಲೆ ಮೊಣಕಾಲಿಗಿಡು. ಕಣ್ಣು ಮುಚ್ಚು. ತಿರುವು ಎಣಿಸು.’

ಲಾಟ್ವಿಯಾದಲ್ಲಿ ಹದಿನಾರು ತಿರುವು.
ಗಂಟೆಗೆ ನೂರಿಪ್ಪತ್ತರಲ್ಲಿ
ತಲೆ ಮೊಣಕಾಲಿಗಿಟ್ಟು ಎಣಿಸಿದೆ.
ಪಕ್ಕೆಲುಬು ತಗಡಿಗೆ ಬಡಿದು ಒಂಬತ್ತು ತಪ್ಪಿತು,
ಹತ್ತರಿಂದ ಮತ್ತೆ ಹಿಡಿದೆ.
ಇಲ್ಲಿ ಓಡುವಾಗ ಕೊನೆಯ ಗೆರೆ ಕಾಣುತ್ತಿತ್ತು,
ಮುಂದಿನವರ ಬೆನ್ನುಗಳ ಸಂದಿಯಲ್ಲಿ.
ಅಲ್ಲಿ ಕಾಣಲೇ ಇಲ್ಲ.
ದಾಟುವ ತನಕ ಬ್ರೇಕ್ ಮುಟ್ಟಕೂಡದು.
ದಾಟಿದೆವೆಂದು ಯಾಂಗ್ಚೆನ್ ಕೂಗಿದ ಮೇಲೆ
ಇಡೀ ಮೈಯಿಂದ ಎಳೆದು ನಿಲ್ಲಿಸಬೇಕು.

ನಾಲ್ಕು ಚಳಿಗಾಲ. ಯಾವುದೋ ದೇಶದವರು ಮಾರಿದ ಹಳೇ ಗಾಡಿ,
ನಮ್ಮ ಬಣ್ಣ ಕಿತ್ತಲ್ಲೆಲ್ಲ ಅವರ ಬಾವುಟ ಇಣುಕುವುದು.
ಇಪ್ಪತ್ತೊಂದರಲ್ಲಿ ಹತ್ತೊಂಬತ್ತನೆಯವರು. ಅದೇ ಹೆಚ್ಚು.
ತಳ್ಳುವುದರಲ್ಲಿ ಮಾತ್ರ, ಒಂದೇ ಒಂದು ಸಲ,
ಏಳನೆಯ ವೇಗ.
ಆ ಚೀಟಿ ಇದೆ. ತೋರಿಸಲೇ?

ಅವರು ಚೀಟಿ ಕೇಳಲಿಲ್ಲ. ಪೆನ್ನಿನ ಮುಚ್ಚಳ ಕಚ್ಚಿ
‘ಶಿರಾಡಿಯಲ್ಲಿ ಒಟ್ಟು ಎಷ್ಟಮ್ಮ ತಿರುವು?’ ಅಂದರು.
ಗೊತ್ತಿಲ್ಲ ಸಾರ್,
ಮಾರನಹಳ್ಳಿ ಬರುವ ಮೊದಲೇ ನಿದ್ದೆ ಹತ್ತುತ್ತಿತ್ತು.

‘ಇತರೆ’ ಎಂದು ಬರೆದರು,
ದುಂಡಗೆ.
ಅಪ್ಪನ ಹೆಸರಿಗೂ ಅಷ್ಟು ಹೊತ್ತು ಹಿಡಿದಿರಲಿಲ್ಲ.