ಗಾಳಿ ಕಡಿಯೋ ಸಪ್ಪಳ

ಕಪನೂರ ಇಂಡಸ್ಟ್ರಿಯಲ್ ಏರಿಯಾ, ಹಿಂದಿನ ಸಾಲಿನ ಶೆಡ್ಡು.
ಪತ್ರಾಸಿನ ಮ್ಯಾಲ ಬಿಸಿಲು ಹಂಚಿನಂಗ ಕಾಯ್ದದ,
ಕೂಲಂಟ್ ಸುದ್ದಾ ಚಹಾದಷ್ಟು ಬೆಚ್ಚಗ.
ಮಷೀನಿನ ಬಾಗಲಿಗಿ ಕಿವಿ ಹಚ್ಚಿ ನಿಂತೀನಿ ನಾನು,
ಕಣ್ಣಿಗಿಂತ ಕಿವಿ ಜಲ್ದಿ ಹೇಳ್ತದ.

ಬೀಡು ಕಡಿವಾಗ ಗರಗರ,
ಜ್ವಾಳ ಬೀಸೋ ಕಲ್ಲಿನಂಗ ಒಂದು ದಮ್ಮು ಅದರೊಳಗ.
ಏನೂ ಕಡೀದಿದ್ದಾಗ ಬರೇ ಸುಂಯ್.
ಆ ಸುಂಯ್ ಕೇಳಿದರ ನನಗ ಹೊಟ್ಟಿ ಉರಿತದ:
ಟೂಲು ತಿರುಗ್ತದ, ಮೀಟರ್ ತಿರುಗ್ತದ,
ಎದುರಿಗಿ ಗಾಳಿ ಬಿಟ್ಟು ಏನೂ ಇಲ್ಲ.

ತೊಗರಿ ಮಿಲ್ಲಿನ ಬೇರಿಂಗ್ ಹೌಸಿಂಗ್, ನಲವತ್ತು ನಗ.
ಎರಕದವರು ನಡುವ ಕುಳಿ ಬಿಟ್ಟೇ ಕೊಟ್ಟಾರ,
ಸಾಫ್ಟ್‌ವೇರಿಗಿ ಅದು ಗೊತ್ತಿಲ್ಲ.
ಅದರ ಲೆಕ್ಕದಾಗ ಇಡೀ ಚೌಕ ಗಟ್ಟಿ ಬೀಡು.
ಈ ತುದಿಯಿಂದ ಆ ತುದಿ, ಆ ತುದಿಯಿಂದ ಈ ತುದಿ,
ಹೊಲದ ಜೊತಿ ಬಂಡಿ ಹಾದೀನೂ ಹರಗಿದಂಗ.
ಒಂದು ನಗಕ್ಕ ಎರಡು ತಾಸು ಹತ್ತು ನಿಮಿಷ.
ಗಾಳಿ ಗುದ್ದಿ ಮೈ ನೋಯಿಸಿಕೊಂಡವನ ಕಥಿ,
ಇಲ್ಲಿ ಗುದ್ದೋದು ಮಷೀನು,
ನೋವು ಗುಂಡೇರಾಯರ ಲೈಟ್ ಬಿಲ್ಲಿಗಿ.

ಹೈದರಾಬಾದಿನಿಂದ ಬಂದಿದ್ದ ಒಬ್ಬ, ಇಸ್ತ್ರಿ ಅಂಗಿಯವ.
ಲ್ಯಾಪ್‌ಟಾಪಿನಾಗ ಐದು ಆಕ್ಸಿಸ್ ಮ್ಯಾಲ ಪಂಕಾ ಕುಣಿಸಿ ತೋರಿಸಿದ,
"ವಿಮಾನದವರು ಇದನ್ನೇ ವಾಪರಸ್ತಾರ ಮೇಡಂ."
ಕಿಮ್ಮತ್ತು ಕೇಳಿ ಗುಂಡೇರಾಯರು ಅಡಿಕಿ ನುಂಗಿದರು.
ನಮ್ಮ ಮಷೀನಿಗಿ ಇರೋದೇ ಮೂರು ಆಕ್ಸಿಸ್,
ಮಳಿಗಾಲದಾಗ ಎರಡೂವರಿ.

ನಾ ಇಷ್ಟೇ ಕೇಳಿದೆ:
ಇದರೊಳಗ ಒಂದು ಗೆರಿ ಹೊಡೀಲಿಕ್ಕ ಬರ್ತದೇನ್ರಿ,
ಇದರ ಹೊರಗ ಹೋಗಬ್ಯಾಡ ಅನ್ನಲಿಕ್ಕ?
ದೊಡ್ಡ ಟೂಲು ಬಿಟ್ಟ ಮೂಲಿಗಷ್ಟೇ
ಸಣ್ಣ ಟೂಲು ಕಳಸಲಿಕ್ಕ?
ಅವ ಮೆನು ಮ್ಯಾಲ ಮೆನು ತೆಗದ. ಚಹಾ ಆರಿತು.
"ಬರ್ತದ. ಆ ಮಾಡ್ಯೂಲು ಬ್ಯಾರೆ, ರೊಕ್ಕ ಬ್ಯಾರೆ."

ಕಡೀಗಿ ತಗೊಂಡಿದ್ದು ಸಾದಾದು.
ಪಂಕಾ ಕುಣಿಯಲ್ಲ. ಗೆರಿ ಹೊಡೀಲಿಕ್ಕ ಬರ್ತದ.

ಅವತ್ತು ಸಂಜಿಮುಂದ ನಮ್ಮತ್ತಿ ರೊಟ್ಟಿ ಬಡೀತಿದ್ದಳು,
ಹಿಟ್ಟಿನ ಪರಾತದ ಬಾಜು ಕುಂತು ನೋಡಿದೆ.
ನಡುವ ತೆಳ್ಳಗಾದ ಮ್ಯಾಲ ಅಕಿ ಕೈ ಅಲ್ಲಿ ಹಾಯಲೇ ಇಲ್ಲ,
ಅಂಚು ಗುಂಟ, ಅಂಚು ಗುಂಟ, ದಪ್ಪ ಇದ್ದಲ್ಲೇ.
"ಆಗಿದ್ದನ್ನ ಮತ್ತ ತಟ್ಟಿದರ ಹರಿತದ," ಅಂದಳು.
ನಾ ಏನೂ ಕೇಳಿರಲಿಲ್ಲ.

ಮೊದಲನೇ ಗೆರಿ ತಪ್ಪಿತು.
ಜಿಪುಣಳಂಗ ಬಿಗಿ ಹಿಡಿದಿದ್ದೆ,
ಮೂಲ್ಯಾಗ ಉಗುರಿನಷ್ಟು ಬೀಡು ಉಳೀತು.
ಜಿಲಾನಿ ಬೆರಳು ಹಾಯಿಸಿ, "ಕಸ್ತೂರಕ್ಕಾ, ಇಲ್ಲಿ ಹಲ್ಲು ಅದ," ಅಂದ.
ಎರಡನೇದು ಎರಡು ಮಿಲಿಮೀಟರ್ ಸಡಲ ಬಿಟ್ಟೆ,
ಕ್ಲಾಂಪಿನ ಕಡೆ ಮಾತ್ರ ಬಿಡಲಿಲ್ಲ.
ಒಂದು ತಾಸು ನಾಕು ನಿಮಿಷ.
ಶೆಡ್ಡಿನಾಗ ಗರಗರ, ಬರೇ ಗರಗರ.

ಗುಂಡೇರಾಯರು ಖುಷಿಯಾಗಿ ಇನ್ನ ಅರವತ್ತು ನಗ ಹಿಡಿದು ಬಂದಾರ.
ಉಳಿದ ವ್ಯಾಳ್ಯಾ ಹೀಂಗ ಹೋಯ್ತು,
ಕೇಳಬ್ಯಾಡ್ರಿ.

ಇವತ್ತ ನೋಡ್ತೀನಿ,
ಜಿಲಾನಿ ಚೂರಿನ ಬುಟ್ಟಿ ಮಷೀನಿನ ಬಾಜು ತಂದು ಇಟ್ಟಾನ.
ಎಂಟು ವರ್ಷ ದಿನಾ ಆಚಿ ಗೋಡಿತನಕ ಹೊತ್ತು ನಡೀತಿದ್ದ.
ಯಾರೂ ಅವಗ ಹೇಳಿಲ್ಲ.
ಅವನೂ ಯಾರಿಗೂ ಹೇಳಿಲ್ಲ.